ಚಿಪ್ಪಿನ ಸೀಳು ಮೋಸವೇ?

ಪ್ರಶ್ನೆ: ಮಗ ಜಪಾನಿನಿಂದ ಬುಗುರಿಯಂಥ ಕೆಂಪು ಗೆರೆಗಳ ಚಿಪ್ಪು ತಂದಿದ್ದಾನೆ. ಅಂಚಿನಲ್ಲಿ ಉದ್ದ ಸೀಳಿದೆ. ಅಂಗಡಿಯವನು ಒಡೆದದ್ದನ್ನೇ ದಾಟಿಸಿದನೇ?
– ಓದುಗರೊಬ್ಬರು, ಕುಮಟಾ

ಉತ್ತರ: ಪಾಪ, ಅಂಗಡಿಯವನನ್ನು ಬೈಯಬೇಡಿ! ಸೀಳು ಒಳಗೆ ಮುಗಿಯುವ ಜಾಗದಲ್ಲಿ ಉಗುರಿಡಿ. ಅಲ್ಲಿಂದ ಸಣ್ಣ ಪಟ್ಟಿಯೊಂದು ಸುತ್ತುತ್ತ ತುದಿಯವರೆಗೂ ಹೋಗಿರುತ್ತದೆ. ಹುಳು ಬೆಳೆದಂತೆ ಹಳೆಯ ಸೀಳನ್ನು ತಾನೇ ಮುಚ್ಚಿಕೊಂಡ ಗುರುತು ಅದು. ಒಡೆದದ್ದಾದರೆ ಆ ಪಟ್ಟಿ ಇರುವುದಿಲ್ಲ.

ಇದು ಆಳಸಮುದ್ರದ ಸೀಳು ಬಸವನಹುಳು. ನಮ್ಮ ಕಡಲಂಚಿನ ಬಹುಪಾಲು ಶಂಖದ ಹುಳುಗಳಿಗೆ ಒಂದೇ ಕಿವಿರು, ಇದಕ್ಕೆ ಎರಡು. ಎರಡೂ ಬದಿಯಿಂದ ಒಳಬಂದ ನೀರು ಕಿವಿರು ತೊಳೆದು, ಹೊಲಸನ್ನೂ ಹೊತ್ತು ಸೀಳಿನಿಂದ ಹೊರಬೀಳುತ್ತದೆ. ಮನೆಯ ಬಚ್ಚಲ ಕಿಂಡಿ ಅನ್ನಿ. ತಿನ್ನುವುದು ಹೆಚ್ಚಾಗಿ ಸ್ಪಂಜು ಎಂಬ ಕಡಲಜೀವಿಯನ್ನು. ಕೆಣಕಿದರೆ ಬಿಳಿ ಲೋಳೆ ಸುರಿಸುತ್ತದೆ.

ಈ ವಂಶ ಬಹುಕಾಲ ಪಳೆಯುಳಿಕೆಗಳಲ್ಲಷ್ಟೇ ಪರಿಚಿತವಾಗಿತ್ತು. 19ನೇ ಶತಮಾನದ ನಡುವೆ ಕೆರಿಬಿಯನ್ ಕಡಲಿನಲ್ಲಿ ತಾಜಾ ಚಿಪ್ಪು ಸಿಕ್ಕಾಗ ಪಂಡಿತರೇ ಬೆರಗಾದರು. 1877ರಲ್ಲಿ ಜಪಾನಿನ ಜಾತಿಯೊಂದಕ್ಕೆ ಜರ್ಮನಿಯ ಪ್ರಾಣಿಶಾಸ್ತ್ರಜ್ಞ ಹಿಲ್ಗೆನ್‌ಡಾರ್ಫ್ ಹೆಸರಿಟ್ಟರು. ಜಪಾನಿನಲ್ಲಿ ಇದಕ್ಕೆ ‘ಚೋಜಾಗಾಯ್’ ಎಂಬ ಹೆಸರೂ ಇದೆ, ಅಂದರೆ ಸಾಹುಕಾರನ ಚಿಪ್ಪು. ಅಲ್ಲಿನ ಮಿಸಾಕಿ ಎಂಬ ಊರಿನ ಬೆಸ್ತನೊಬ್ಬ ಒಂದನ್ನು ಹಿಡಿದು ಕೊಟ್ಟು, ಕೈತುಂಬ ಹಣ ಬಂದಾಗ ‘ಸಾಹುಕಾರನಾದೆ’ ಎಂದು ಕುಣಿದನಂತೆ.

ನಿಮ್ಮ ಮಗ ಎಷ್ಟು ಕೊಟ್ಟ ಅಂತ ಮಾತ್ರ ನೀವು ಬರೆದಿಲ್ಲ. ಬಿಸಿಲಿಗೆ ಇಡಬೇಡಿ, ಆ ಕೆಂಪು ಮಾಸೀತು.