ಬೆರಳು ಹೋದರೆ ಮೊದಲು ಏನನ್ನು ಬರೆಸಬೇಕು?

ಈ ಸಲದ ಪತ್ರಗಳಲ್ಲಿ ಮುಕ್ಕಾಲು ಪಾಲು ಕೆಲಸದ ಜಾಗದಲ್ಲಿ ಆದ ಗಾಯದ ಬಗ್ಗೆಯೇ ಇವೆ. ಸಂಪಾದಕರು ನನ್ನ ಕಡೆ ತಳ್ಳಿದ್ದಾರೆ. ಪುಣೆ ಹತ್ತಿರದ ಕೈಗಾರಿಕಾ ಪ್ರದೇಶ ಭೋಸರಿ ಎಂಐಡಿಸಿಯಲ್ಲಿ, ತಗಡು ಒತ್ತಿ ಕತ್ತರಿಸುವ ಪ್ರೆಸ್ ಶಾಪುಗಳಲ್ಲಿ ಹೆಲ್ಪರ್ ಆಗಿ ಸೇರಿ, ಆಪರೇಟರ್ ಆಗಿ, ಸೂಪರ್‌ವೈಸರ್ ಆಗಿ ನಿವೃತ್ತನಾದವನು ನಾನು. ವಕೀಲನಲ್ಲ, ಡಾಕ್ಟರೂ ಅಲ್ಲ. ಎಡಗೈ ನಡುಬೆರಳಿನ ತುದಿ ಇಲ್ಲ. ಅಷ್ಟೇ ನನ್ನ ಅರ್ಹತೆ.

ಪ್ರಶ್ನೆ: ಅಣ್ಣಾ, ನಾವು ಇಂಡಿ ಕಡೆಯವರು. ಭೋಸರಿಯಲ್ಲಿ ಖೋಲಿ ಮಾಡಿಕೊಂಡು ಆರು ವರ್ಷವಾಯಿತು. ನಮ್ಮ ಯಜಮಾನರಿಗೆ 31 ವರ್ಷ, ಪ್ರೆಸ್ ಆಪರೇಟರ್. ಹೋದ ತಿಂಗಳು ರಾತ್ರಿ ಪಾಳಿಯಲ್ಲಿ ಬಲಗೈ ತೋರುಬೆರಳಿನ ಎರಡು ಗೆಣ್ಣು ಹೋದವು. ಶೇಠರು ಖಾಸಗಿ ಆಸ್ಪತ್ರೆಯ ಬಿಲ್ ಕಟ್ಟಿ, ಕೈಗೆ 25 ಸಾವಿರ ಕೊಟ್ಟರು. ಈಗ ಒಂದು ಮರಾಠಿ ಕಾಗದಕ್ಕೆ ಸಹಿ ಕೇಳುತ್ತಿದ್ದಾರೆ. ನಾನು ಅಕ್ಕಲಕೋಟೆಯವಳು, ಓದಲು ಬರುತ್ತದೆ. ‘ರವಿವಾರ ಮನೆಯಲ್ಲಿ ಬೈಕಿನ ಚೈನಿಗೆ ಬೆರಳು ಸಿಕ್ಕಿತು’ ಎಂದು ಬರೆದಿದೆ. ಪಗಾರ 18 ಸಾವಿರ, ಇಎಸ್‌ಐ (ಸರ್ಕಾರಿ ಕಾರ್ಮಿಕ ವಿಮೆ) ಕಡಿತವಾಗುತ್ತದೆ. ಶೇಠರು ಒಳ್ಳೆಯವರು. ‘ನಿನ್ನದೇ ಲಕ್ಷ್ಯ ಇರಲಿಲ್ಲ, ಆದರೂ ನೋಡಿಕೊಂಡೆ’ ಅನ್ನುತ್ತಾರೆ. ಸಹಿ ಮಾಡಿದರೆ ಏನಾಗುತ್ತದೆ? (ಹೆಸರು ಬೇಡ, ಭೋಸರಿ)

ಉತ್ತರ: ತಂಗಿ, ಸಹಿ ಮಾಡಿಸಬೇಡಿ. ಉಳಿದದ್ದನ್ನು ನಿಧಾನವಾಗಿ ಓದಿ.

ಮೊದಲು ಲೆಕ್ಕ ನೋಡೋಣ. ಬೆರಳಿಗೂ ಒಂದು ಸರ್ಕಾರಿ ಪಟ್ಟಿ ಇದೆ. ಯಾವ ಬೆರಳು ಎಷ್ಟು ಹೋದರೆ ದುಡಿಯುವ ಶಕ್ತಿ ಎಷ್ಟು ಕಡಿಮೆಯಾಯಿತು ಎಂದು ಅದರಲ್ಲಿ ಬರೆದಿದ್ದಾರೆ. ತೋರುಬೆರಳು ಪೂರ್ತಿ ಹೋದರೆ ಶೇ. 14. ಎರಡು ಗೆಣ್ಣು ಹೋದರೆ ಶೇ. 11, ಒಂದು ಹೋದರೆ ಶೇ. 9. ಹೆಬ್ಬೆರಳಿಗೆ ಶೇ. 30. ಓದಲು ಕಟುಕನ ಅಂಗಡಿಯ ಬೋರ್ಡಿನ ಹಾಗಿದೆ, ಏನು ಮಾಡುವುದು. ಆದರೆ ಈ ಪಟ್ಟಿಯೇ ನಿಮ್ಮ ಆಸ್ತಿ.

ಇಎಸ್‌ಐನಲ್ಲಿ ಇಂಥ ಗಾಯಕ್ಕೆ ಕೊಡುವ ಪೂರ್ತಿ ದರ ಪಗಾರದ ಶೇ. 90. ನಿಮ್ಮ ಯಜಮಾನರ 18 ಸಾವಿರಕ್ಕೆ ಅದು 16,200. ಅದರ ಶೇ. 11 ಅಂದರೆ ತಿಂಗಳಿಗೆ ಸುಮಾರು 1,782 ರೂಪಾಯಿ. ಇದು ಜೀವ ಇರುವವರೆಗೆ ಬರುತ್ತದೆ. ಅವರು ನಾಳೆ ಅದೇ ಕೆಲಸಕ್ಕೆ ಅದೇ ಪಗಾರಕ್ಕೆ ಹೋದರೂ ನಿಲ್ಲುವುದಿಲ್ಲ. 71 ವರ್ಷ ಬದುಕಿದರು ಅಂತಿಟ್ಟುಕೊಳ್ಳಿ, 40 ವರ್ಷಕ್ಕೆ 8 ಲಕ್ಷ 55 ಸಾವಿರ ಆಯಿತು. ಗಾಯ ಮಾಯುವವರೆಗೆ ಮನೆಯಲ್ಲಿ ಕುಳಿತ ದಿನಗಳಿಗೂ ಶೇ. 90ರ ಲೆಕ್ಕದಲ್ಲಿ ದುಡ್ಡಿದೆ. ಎರಡು ತಿಂಗಳಾದರೆ 32,400. ಕೊನೆಯ ಅಂಕಿ ಮೆಡಿಕಲ್ ಬೋರ್ಡ್ ಬೆರಳು ನೋಡಿ ಹೇಳುತ್ತದೆ, ನನ್ನದು ಅಂದಾಜು. ಆದರೂ ಇದರ ಪಕ್ಕದಲ್ಲಿ ಆ 25 ಸಾವಿರವನ್ನು ಇಟ್ಟು ನೋಡಿ.

ಇನ್ನೊಂದು ಮಾತು. ಈ ದುಡ್ಡು ಶೇಠರ ಜೇಬಿನಿಂದ ಹೋಗುವುದಿಲ್ಲ. ಪಗಾರದಲ್ಲಿ ನಿಮ್ಮವರ ಪಾಲು ಶೇ. 0.75, ಮಾಲೀಕರ ಪಾಲು ಶೇ. 3.25 ಪ್ರತಿ ತಿಂಗಳು ಕಟ್ಟಿಯಾಗಿದೆ. ಕೊಡುವುದು ಇಎಸ್‌ಐ. ಹಾಗಾದರೆ ಬೈಕಿನ ಕಥೆ ಯಾಕೆ? ಅಪಘಾತದ ವರದಿ ಹೋದರೆ ಮಷೀನ್ ನೋಡಲು ಇನ್‌ಸ್ಪೆಕ್ಟರ್ ಬರಬಹುದು, ಕೈ ಒಳಗೆ ಹೋಗದಂತೆ ತಡೆಯುವ ಗಾರ್ಡ್ ಎಲ್ಲಿ ಅಂತ ಕೇಳಬಹುದು. ದೊಡ್ಡ ಕಂಪನಿಯವರು ಆರ್ಡರ್ ಕೊಡುವಾಗ ಅಪಘಾತದ ಲೆಕ್ಕ ಕೇಳುತ್ತಾರೆ. ಹೆದರಿಕೆ ಅದಕ್ಕೆ. ಶೇಠರು ಒಳ್ಳೆಯವರೇ ಇರಬಹುದು. ಆಸ್ಪತ್ರೆಗೆ ಓಡಿಸಿದರು, ಬಿಲ್ ಕಟ್ಟಿದರು, ಸುಳ್ಳಲ್ಲ. ಒಳ್ಳೆಯತನ ಬೇರೆ, ಆ ಕಾಗದ ಬೇರೆ.

‘ಲಕ್ಷ್ಯ ಇರಲಿಲ್ಲ’ ಎಂಬ ಮಾತನ್ನು ಮನಸ್ಸಿನಿಂದ ತೆಗೆದುಹಾಕಿ. ಮೊದಲನೆಯದಾಗಿ, ಯಾರ ತಪ್ಪು ಎಂದು ಇಎಸ್‌ಐ ಕೇಳುವುದೇ ಇಲ್ಲ. ಕೆಲಸದಲ್ಲಿ ಆಯಿತಾ ಅನ್ನುವುದಷ್ಟೇ ಪ್ರಶ್ನೆ. ಎರಡನೆಯದಾಗಿ, ಪ್ರೆಸ್ ಕೆಲಸ ಹೇಗಿರುತ್ತದೆ ನಾನು ಬಲ್ಲೆ. ಎಡಗೈಯಲ್ಲಿ ಶೀಟು ಒಳಗೆ ಇಡು, ಕಾಲಲ್ಲಿ ಪೆಡಲ್ ಒತ್ತು, ಬಲಗೈಯಲ್ಲಿ ಪೀಸು ತೆಗೆ. 12 ತಾಸಿನ ಪಾಳಿಯಲ್ಲಿ 4,000 ಪೀಸು. ಅಂದರೆ 4,000 ಸಲ ಕೈ ಡೈಯೊಳಗೆ, ತಗಡಿಗೆ ಆಕಾರ ಕೊಡುವ ಅಚ್ಚಿನೊಳಗೆ, ಹೋಗಿ ಹೊರಗೆ ಬರಬೇಕು. 3,999 ಸಲ ಲಕ್ಷ್ಯ ಇಟ್ಟವನನ್ನು ಒಂದು ಸಲಕ್ಕೆ ಬೈಯುವುದು ಯಾವ ನ್ಯಾಯ? ಎಷ್ಟೋ ಸಲ ಆ ಒಂದು ತಪ್ಪು ಮನುಷ್ಯನದ್ದೂ ಅಲ್ಲ. ಕ್ಲಚ್ಚಿನ ಪಿನ್ ಸವೆದಿರುತ್ತದೆ, ಸ್ಪ್ರಿಂಗ್ ಸೋತಿರುತ್ತದೆ. ಕಾಲು ತೆಗೆದ ಮೇಲೂ ಮಷೀನ್ ತಾನಾಗಿ ಇನ್ನೊಂದು ಏಟು ಹೊಡೆಯುತ್ತದೆ. ನಾವು ಅದಕ್ಕೆ ‘ಡಬಲ್ ಮಾರಿತು’ ಅನ್ನುತ್ತಿದ್ದೆವು.

ನನ್ನದೂ ಹಾಗೇ ಹೋಯಿತು, 1988ರಲ್ಲಿ. ಮೂರು ದಿನದಿಂದ ಪ್ರೆಸ್ ಡಬಲ್ ಮಾರುತ್ತಿದೆ ಅಂತ ಫೋರ್‌ಮನ್‌ಗೆ ಹೇಳಿದ್ದೆ. ಗಾಯವಾದ ಎಂಟನೇ ದಿನ ಒಂದು ಮರಾಠಿ ಕಾಗದ ಮುಂದಿಟ್ಟರು. ಆಗ ನನಗೆ ಮರಾಠಿ ಮಾತು ಬರುತ್ತಿತ್ತು, ಓದು ಬರುತ್ತಿರಲಿಲ್ಲ. ರಜೆ ಅರ್ಜಿ ಅಂದರು, ಸಹಿ ಮಾಡಿದೆ. ನಾಲ್ಕು ವರ್ಷದ ಮೇಲೆ ಓದಲು ಕಲಿತು ನೋಡಿದರೆ, ‘ಖೋಲಿಯ ಬಾಗಿಲಿಗೆ ಬೆರಳು ಸಿಕ್ಕಿತು’ ಎಂದಿತ್ತು. ನನ್ನ ಖೋಲಿಗೆ ಬಾಗಿಲೇ ಇರಲಿಲ್ಲ, ತಟ್ಟು ಕಟ್ಟಿದ್ದೆ. ನಿಮ್ಮ ಮನೆಯಲ್ಲಿ ಓದಲು ನೀವಿದ್ದೀರಿ, ಅದೇ ದೊಡ್ಡದು.

ಈಗ ಮಾಡಬೇಕಾದದ್ದು. ಖಾಸಗಿ ಆಸ್ಪತ್ರೆಯ ಕೇಸ್ ಪೇಪರ್ ತೆಗೆಯಿರಿ. ದಾಖಲು ಮಾಡುವಾಗ ‘ಮಷೀನಿನಲ್ಲಿ ಕೈ ಸಿಕ್ಕಿ’ ಎಂದು ಬರೆದಿದ್ದರೆ ಅದರಷ್ಟು ಗಟ್ಟಿ ಸಾಕ್ಷಿ ಬೇರೆ ಇಲ್ಲ. ಮೂರ್ನಾಲ್ಕು ಜೆರಾಕ್ಸ್ ಮಾಡಿಸಿ. ಪಗಾರ ಚೀಟಿ, ಆ ರಾತ್ರಿಯ ಹಾಜರಿ, ಜೊತೆಗಿದ್ದವರ ಹೆಸರು ಬರೆದಿಡಿ. ಅಪಘಾತದ ಪುಸ್ತಕದಲ್ಲಿ ನಮೂದು ಮಾಡಿ ವರದಿ ಕಳಿಸಿ ಎಂದು ಶೇಠರಿಗೆ ಅರ್ಜಿ ಕೊಡಿ. ಆ ವರದಿಗೆ ಎಲ್ಲರೂ ‘ಫಾರ್ಮ್ 12’ ಅನ್ನುತ್ತಾರೆ. ಅವರು ಒಪ್ಪದಿದ್ದರೆ ನೇರ ಇಎಸ್‌ಐ ಶಾಖಾ ಕಚೇರಿಗೆ ಹೋಗಿ ಅದನ್ನೇ ಬರೆದುಕೊಡಿ. ನಿಮ್ಮ ಪ್ರತಿಯ ಮೇಲೆ ಸಿಕ್ಕಾ ಹಾಕಿಸಿಕೊಳ್ಳದೆ ಕೌಂಟರ್ ಬಿಡಬೇಡಿ. ಬಾಯಿಮಾತಿಗೆ ಅಲ್ಲಿ ಬೆಲೆ ಇಲ್ಲ. ಗಾಯದ ರಜೆಯ ದುಡ್ಡು ಬರುತ್ತಿರುವಾಗ ಕೆಲಸದಿಂದ ತೆಗೆಯುವಂತಿಲ್ಲ ಎಂದು ಹಳೇ ಇಎಸ್‌ಐ ಕಾಯ್ದೆಯಲ್ಲಿತ್ತು, ಈಗ ಹೇಗೆ ಅಂತ ಅದೇ ಕಚೇರಿಯಲ್ಲಿ ಕೇಳಿ.

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. 1948ರ ಇಎಸ್‌ಐ ಕಾಯ್ದೆ, 1923ರ ಪರಿಹಾರ ಕಾಯ್ದೆ ಎರಡೂ ಅದರೊಳಗೆ ಸೇರಿವೆ. ‘ಹಳೇ ಕಾಯ್ದೆ ಹೋಯಿತು, ಈಗ ಏನೂ ಸಿಗಲ್ಲ’ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಪ್ರಶ್ನೆ: ನಾನೂ ಕನ್ನಡದವನೇ, 12 ಜನರ ಶೀಟ್ ಮೆಟಲ್ ಶೆಡ್ ಇದೆ. ನೀವು ಯಾವಾಗಲೂ ಮಾಲೀಕರನ್ನೇ ಬೈಯುತ್ತೀರಿ. ಪ್ರೆಸ್ಸಿಗೆ ಸೆನ್ಸರ್ ಹಾಕಿಸಿ ಅನ್ನುತ್ತಾರೆ. ಐದು ಮಷೀನಿಗೆ ಹಾಕಿಸಿದರೆ ನಾನು ಶೆಡ್ ಮಾರಬೇಕಾಗುತ್ತದೆ. ಏನು ಮಾಡಲಿ? (ಓದುಗ, ಚಿಖಲಿ, ಪುಣೆ)

ಉತ್ತರ: ಬೈದಿದ್ದರೆ ಕ್ಷಮಿಸಿ ರಾಯರೇ, ಆದರೆ ಪೂರ್ತಿ ವಾಪಸ್ ತೆಗೆದುಕೊಳ್ಳಲ್ಲ. ನಿಮ್ಮ ದುಡ್ಡು ಉಳಿಸುವ ಮಾತು ಹೇಳುತ್ತೇನೆ. ನಿಮ್ಮವು ಹಳೇ ಪಿನ್ ಕ್ಲಚ್ ಪ್ರೆಸ್ಸುಗಳಾದರೆ ಸೆನ್ಸರ್ ಹಾಕಿಸಲೇಬೇಡಿ. ಕೆಲಸಕ್ಕೆ ಬರಲ್ಲ. ಪಿನ್ ಒಮ್ಮೆ ಕಚ್ಚಿತು ಅಂದರೆ ರ‍್ಯಾಮ್ (ಮೇಲಿಂದ ಬಂದು ಬಡಿಯುವ ಭಾಗ) ಪೂರ್ತಿ ಸುತ್ತು ಮುಗಿಸಿಯೇ ನಿಲ್ಲುವುದು. ಕೈ ಒಳಗಿದೆ ಅಂತ ಸೆನ್ಸರ್ ಕೂಗಿಕೊಂಡರೂ ಮಷೀನ್ ನಡುವೆ ನಿಲ್ಲುವುದಿಲ್ಲ. ಏರ್ ಕ್ಲಚ್ ಇರುವ, ಅರ್ಧದಲ್ಲೇ ನಿಲ್ಲಬಲ್ಲ ಪ್ರೆಸ್ಸಿಗೆ ಮಾತ್ರ ಸೆನ್ಸರ್. ಮಾರುವವರು ಇದನ್ನು ಹೇಳುವುದಿಲ್ಲ.

ನಿಮ್ಮ ಮಷೀನಿಗೆ ಬೇಕಾದದ್ದು ಡೈ ಸುತ್ತ ಬೋಲ್ಟ್ ಹಾಕಿ ಕೂರಿಸಿದ ಜಾಳಿಗೆ. ಶೀಟು ಮಾತ್ರ ಜಾರುವಷ್ಟು ಸಂದಿ, ಬೆರಳು ಹೋಗಬಾರದು. ನಿಮ್ಮ ಶೆಡ್ಡಿನ ವೆಲ್ಡರ್‌ಗೆ ಅರ್ಧ ದಿನದ ಕೆಲಸ. ಬಿಡಿ ಪೀಸು ಕೈಯಲ್ಲೇ ಇಡಬೇಕಾದರೆ ಇಕ್ಕಳ, ಇಲ್ಲವೇ ಉದ್ದ ಹಿಡಿಯ ಮ್ಯಾಗ್ನೆಟ್ ಕೊಡಿ. ಪೆಡಲ್ ಮೇಲೆ ಒಂದು ತಗಡಿನ ಮುಚ್ಚಿಗೆ ಹಾಕಿ, ಮೇಲಿಂದ ಏನಾದರೂ ಬಿದ್ದರೆ ಒತ್ತಿಕೊಳ್ಳದ ಹಾಗೆ. ಡಬಲ್ ಮಾರಿದ ದಿನವೇ ಪ್ರೆಸ್ ಬಂದ್ ಮಾಡಿ. ಇನ್ನು, ಪೀಸಿನ ಮೇಲೆ ದುಡ್ಡು ಕೊಡುತ್ತಿದ್ದರೆ ಜಾಳಿಗೆ ಎಂಟು ದಿನ ಇರುತ್ತದೆ, ಒಂಬತ್ತನೇ ದಿನ ಹುಡುಗರೇ ಬಿಚ್ಚಿಡುತ್ತಾರೆ. ನಾನೂ ಬಿಚ್ಚಿಟ್ಟಿದ್ದೇನೆ. ಅವರನ್ನು ಬೈಯುವ ಮೊದಲು ರೇಟು ನೋಡಿ.

ಬೆರಳು ಹೋದ ದಿನದ ಖರ್ಚನ್ನೂ ಒಮ್ಮೆ ಕೂಡಿಸಿ. ಆಸ್ಪತ್ರೆ ಒಂದೇ ಅಲ್ಲ. ಆ ದಿನ ಯಾರೂ ಕೆಲಸ ಮಾಡುವುದಿಲ್ಲ. ಡೈ ಒಡೆದಿರುತ್ತದೆ. ಇಬ್ಬರು ಹೆಲ್ಪರ್‌ಗಳು ಊರಿಗೆ ಹೋದವರು ಬರುವುದಿಲ್ಲ. ಹೊಸಬನಿಗೆ ಕೈ ಕೂರಲು ಒಂದು ತಿಂಗಳು ಬೇಕು. ಅಷ್ಟರಲ್ಲಿ ಮಾಲು ತಡವಾಗಿ ಆರ್ಡರ್ ಪಕ್ಕದ ಶೆಡ್ಡಿಗೆ ಹೋಗಿರುತ್ತದೆ. ಹೆನ್ರಿಕ್ ಅನ್ನುವ ಅಮೆರಿಕದ ವಿಮಾ ಕಂಪನಿಯವನೊಬ್ಬ ಸುಮಾರು ನೂರು ವರ್ಷದ ಹಿಂದೆಯೇ ಈ ಲೆಕ್ಕ ಹಾಕಿದ್ದ. ಕಣ್ಣಿಗೆ ಕಾಣುವ ಒಂದು ರೂಪಾಯಿಗೆ ಕಾಣದ ಖರ್ಚು ನಾಲ್ಕು ರೂಪಾಯಿ ಅಂದ. ಇವನೇ ಹೆಚ್ಚಿನ ಅಪಘಾತಗಳಿಗೆ ಕಾರ್ಮಿಕರ ತಪ್ಪೇ ಕಾರಣ ಅಂತಲೂ ಹೇಳಿ ಹೋದ. ಆ ಮಾತನ್ನು ಮಾತ್ರ ಮಾಲೀಕರು ಇವತ್ತಿಗೂ ಬಿಟ್ಟಿಲ್ಲ!

ಪ್ರಶ್ನೆ: ಸರ್, ನಾನು ಚಾಕಣದಲ್ಲಿ ಟ್ರೇನಿ. ನಮ್ಮ ಗೇಟಿನಲ್ಲಿ ‘ಅಪಘಾತವಿಲ್ಲದ 412 ದಿನ’ ಅಂತ ಬೋರ್ಡ್ ಇದೆ. ಆದರೆ ವಾರಕ್ಕೆ ಒಬ್ಬರಿಗಾದರೂ ಕೈ ಕುಯ್ದುಕೊಂಡಿರುತ್ತದೆ. ನಿಜವಾಗಿ ಎಷ್ಟು ಅಪಘಾತ ಆಗುತ್ತವೆ?

ಉತ್ತರ: ತಮ್ಮಾ, ಬೋರ್ಡಿಗೂ ಬ್ಯಾಂಡೇಜಿಗೂ ಸಂಬಂಧ ಇರುವುದಿಲ್ಲ. ಹಳೇ ಕಾರ್ಖಾನೆ ಕಾಯ್ದೆಯಂತೆ 48 ತಾಸು ಕೆಲಸಕ್ಕೆ ಬಾರದಂಥ ಗಾಯವಾದರೆ ಮೇಲಿನವರಿಗೆ ತಿಳಿಸಬೇಕಿತ್ತು. ಹಾಗಾಗಿ ಗಾಯವಾದವನನ್ನು ಮಾರನೇ ದಿನ ಕರೆಸಿ ಸ್ಟೋರಿನಲ್ಲಿ ಸುಮ್ನೆ ಕೂರಿಸುವುದು ಒಂದು ಹಳೆಯ ಕಲೆ. ಹಾಜರಿ ಬಿತ್ತು, ಅಪಘಾತ ಅಳಿಸಿತು.

ದೇಶದ ಲೆಕ್ಕವನ್ನೇ ನೋಡಿ. 2017ರಿಂದ 2020ರವರೆಗಿನ ಸರ್ಕಾರಿ ಅಂಕಿಯಂತೆ ನೋಂದಾಯಿತ ಕಾರ್ಖಾನೆಗಳಲ್ಲಿ ದಿನಕ್ಕೆ ಸರಾಸರಿ ಮೂವರು ಸತ್ತರು, 11 ಜನ ಗಾಯಗೊಂಡರು. ಈಗ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಅಂದಾಜು: ಜಗತ್ತಿನಲ್ಲಿ ವರ್ಷಕ್ಕೆ ಕೆಲಸದ ಅಪಘಾತದಿಂದ ಸಾಯುವವರು ಸುಮಾರು 3 ಲಕ್ಷ 30 ಸಾವಿರ, ಗಾಯಗೊಳ್ಳುವವರು 39.5 ಕೋಟಿ. ಅಂದರೆ ಒಂದು ಸಾವಿಗೆ ಸಾವಿರಕ್ಕೂ ಜಾಸ್ತಿ ಗಾಯ. ನಮ್ಮಲ್ಲಿ ಒಂದು ಸಾವಿಗೆ ನಾಲ್ಕು ಗಾಯ ಕೂಡ ಇಲ್ಲ! ನಮ್ಮ ಮಷೀನುಗಳು ಮುಟ್ಟಿದರೆ ಕೊಂದೇ ಬಿಡುತ್ತವೆಯಾ? ಹಾಗೇನಿಲ್ಲ. ಹೆಣವನ್ನು ಮುಚ್ಚಿಡುವುದು ಕಷ್ಟ, ಬೆರಳನ್ನು ಮುಚ್ಚಿಡುವುದು ಸುಲಭ. ಅದೂ ಇದು ನೋಂದಾಯಿತ ಕಾರ್ಖಾನೆಗಳ ಲೆಕ್ಕ. ಹೆಸರೇ ಇಲ್ಲದ ಶೆಡ್ಡುಗಳದ್ದು ಯಾರ ಪುಸ್ತಕದಲ್ಲೂ ಇಲ್ಲ.

ಟ್ರೇನಿ ಅಂದಿರಲ್ಲ, ನಿಮಗೊಂದು ಕೆಲಸ ಹೇಳುತ್ತೇನೆ. ಜೇಬಿನಲ್ಲಿ ಚಿಕ್ಕ ಡೈರಿ ಇಡಿ. ಯಾರಿಗೆ, ಎಲ್ಲಿ, ಯಾವ ಮಷೀನಿನಲ್ಲಿ, ಎಷ್ಟು ಗಂಟೆಗೆ. ‘ಸ್ವಲ್ಪದರಲ್ಲಿ ತಪ್ಪಿತು’ ಅನ್ನುವಂಥದ್ದನ್ನೂ ಬರೆಯಿರಿ. ನಾನು ಸೂಪರ್‌ವೈಸರ್ ಆದ ಮೇಲೆ ಹೀಗೆ ಬರೆದೆ. ಆರು ತಿಂಗಳಲ್ಲಿ ಗೊತ್ತಾಯಿತು: ಮುಕ್ಕಾಲು ಪಾಲು ಗಾಯ ಎರಡೇ ಮಷೀನಿನಲ್ಲಿ, ಬೆಳಗಿನ ಜಾವ ಮೂರರಿಂದ ಐದರ ನಡುವೆ, ಅದೂ ಸೇರಿ ಮೂರು ತಿಂಗಳಾಗದ ಹುಡುಗರಿಗೆ.

ಪ್ರಶ್ನೆ: ತುಂಡಾದ ಬೆರಳನ್ನು ಐಸಿನಲ್ಲಿ ಹಾಕಿಕೊಂಡು ಹೋಗಬೇಕು ಅನ್ನುತ್ತಾರೆ, ನಿಜವೇ? (ಪಿಂಪ್ರಿ)

ಉತ್ತರ: ಅರ್ಧ ನಿಜ. ನೇರ ಐಸಿಗೆ ತಾಗಿದರೆ ಬೆರಳು ಹಾಳಾಗುತ್ತದೆ. ಶುದ್ಧ ಬಟ್ಟೆಯನ್ನು ಒದ್ದೆ ಮಾಡಿ ಹಿಂಡಿ, ಅದರಲ್ಲಿ ಬೆರಳು ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ-ನೀರು ಹೋಗದಂತೆ ಕಟ್ಟಿ. ಆ ಚೀಲವನ್ನು ಐಸು-ನೀರು ಇರುವ ಇನ್ನೊಂದು ಚೀಲದಲ್ಲಿ ಇಡಿ. ಗಾಯದ ಮೇಲೆ ಬಟ್ಟೆ ಒತ್ತಿ ಹಿಡಿದು ಕೈ ಎತ್ತಿ ಹಿಡಿಯಿರಿ. ಕತ್ತರಿಸಿದ ಹಾಗೆ ಹೋದ ಬೆರಳು ಕೂಡುವ ಆಸೆ ಜಾಸ್ತಿ. ಪ್ರೆಸ್ಸಿನಲ್ಲಿ ಜಜ್ಜಿ ಹೋದದ್ದು ಕೂಡುವುದು ಕಷ್ಟ. ಆದರೂ ತೆಗೆದುಕೊಂಡೇ ಹೋಗಿ, ಡಾಕ್ಟರ್ ನೋಡಿ ಹೇಳಲಿ.

ಪ್ರಶ್ನೆ: ಮಾಟುಂಗಾದ ಹೋಟೆಲಿನಲ್ಲಿ ಭಟ್ಟರಿಗೆ ಸಹಾಯಕ. ಸಾಂಬಾರಿನ ಪಾತ್ರೆ ಇಳಿಸುವಾಗ ಕಾಲ ಮೇಲೆ ಚೆಲ್ಲಿತು. ಮ್ಯಾನೇಜರ್ ದೋಸೆ ಹಿಟ್ಟು ಹಚ್ಚಿದರು. ಹೋಟೆಲಿನ ಸುಟ್ಟ ಗಾಯವೂ ‘ಅಪಘಾತ’ ಆಗುತ್ತದೆಯೇ?

ಉತ್ತರ: ಆಗದೇ ಏನು? ಕೆಲಸದ ಹೊತ್ತಿನಲ್ಲಿ ಕೆಲಸ ಮಾಡುವಾಗ ಆದದ್ದು. ಪಗಾರದಲ್ಲಿ ಇಎಸ್‌ಐ ಹೋಗುತ್ತಿದ್ದರೆ ಮೇಲೆ ತಂಗಿಗೆ ಹೇಳಿದ್ದೆಲ್ಲ ನಿಮಗೂ ಅನ್ವಯ. ಮೊದಲು ಅಪಘಾತದ ಪುಸ್ತಕದಲ್ಲಿ ಬರೆಸಿ.

ಹಿಟ್ಟು, ಟೂತ್‌ಪೇಸ್ಟ್, ಅರಿಶಿನ ಯಾವುದೂ ಬೇಡ. ಸುಟ್ಟ ಕೂಡಲೇ ನಲ್ಲಿಯ ತಣ್ಣೀರಿನ ಕೆಳಗೆ ಪೂರ್ತಿ 20 ನಿಮಿಷ ಕಾಲಿಡಿ. 20 ನಿಮಿಷ ಅಂದರೆ ಎರಡು ಘಾಣ ಇಡ್ಲಿ ಬೇಯುವಷ್ಟು ಹೊತ್ತು, ಮ್ಯಾನೇಜರ್ ಗೊಣಗಿದರೂ ತೆಗೆಯಬೇಡಿ. ಗುಳ್ಳೆ ಒಡೆಯಬೇಡಿ. ಆಮೇಲೆ ಆಸ್ಪತ್ರೆ. ಮತ್ತೆ, ಆ ಪಾತ್ರೆಗೆ ಎರಡೂ ಕಡೆ ಹಿಡಿ ಇದೆಯೇ ನೋಡಿ. ಒಂದು ಹಿಡಿ ಮುರಿದು ಬಟ್ಟೆ ಸುತ್ತಿಕೊಂಡು ಎತ್ತುತ್ತಿದ್ದೀರಿ ಅಂತ ನನ್ನ ಅನುಮಾನ. ಹೌದಾದರೆ, ಹಿಡಿ ಹಾಕಿಸುವ ಮೊದಲು ಮೊಬೈಲಿನಲ್ಲಿ ಅದರ ಒಂದು ಫೋಟೋ ತೆಗೆದಿಡಿ.