ಇನ್ವರ್ಟರ್‌ಗೆ ಸೋಡಿಯಂ ಬ್ಯಾಟರಿ ಹೊಂದುತ್ತದೆಯೇ?

ಪ್ರಶ್ನೆ: ಮನೆಯ 12 ವೋಲ್ಟ್ ಇನ್ವರ್ಟರ್‌ನ ಆಸಿಡ್ ಬ್ಯಾಟರಿ ತೆಗೆದು ಸೋಡಿಯಂ ಅಯಾನ್ ಬ್ಯಾಟರಿ ಹಾಕಬಹುದೇ?
– ಓದುಗರು, ರಾಜಾಜಿನಗರ, ಬೆಂಗಳೂರು

ಉತ್ತರ: ಹಾಗೇ ನೇರವಾಗಿ ಜೋಡಿಸಬೇಡಿ. ತೊಡಕಿರುವುದು ವೋಲ್ಟೇಜಿನಲ್ಲಿ. ಹಲವು ಸೋಡಿಯಂ ಸೆಲ್‌ಗಳು ಪೂರ್ತಿ ಚಾರ್ಜಾದಾಗ ಸುಮಾರು 4 ವೋಲ್ಟ್, ಬರಿದಾದಾಗ 1.5 ವೋಲ್ಟ್ ಇರುತ್ತವೆ. ನಾಲ್ಕನ್ನು ಸರಣಿಯಲ್ಲಿ ಕೂಡಿಸಿದರೆ 16ರಿಂದ 6 ವೋಲ್ಟ್‌ವರೆಗೆ ಏರಿಳಿತ. ಆಸಿಡ್ ಬ್ಯಾಟರಿಗೆಂದು ಮಾಡಿದ ಇನ್ವರ್ಟರ್ 14.4ರ ಆಸುಪಾಸಿನಲ್ಲೇ ಚಾರ್ಜಿಂಗ್ ಮಿತಿಗೊಳಿಸುತ್ತದೆ, 10.5ರ ಹತ್ತಿರ ಕಟ್ ಆಗುತ್ತದೆ. ಮೇಲೂ ಕೆಳಗೂ ಒಂದಷ್ಟು ಶಕ್ತಿ ಬಳಕೆಗೇ ಬರುವುದಿಲ್ಲ. ನೀವು ದುಡ್ಡು ಕೊಟ್ಟ ಆಂಪಿಯರ್-ಅವರ್ (ಬ್ಯಾಟರಿಯ ಸಾಮರ್ಥ್ಯ) ಪೂರ್ತಿ ಕೈಗೆ ಸಿಗದು.

ಹಾಕಲೇಬೇಕೆಂದರೆ ಚಾರ್ಜಿಂಗ್ ವೋಲ್ಟೇಜ್, ಕಟ್-ಆಫ್ ಎರಡನ್ನೂ ಬದಲಿಸಬಹುದಾದ ಇನ್ವರ್ಟರ್ ಬೇಕು. ಬಿಎಂಎಸ್ (ಸೆಲ್‌ಗಳ ಚಾರ್ಜನ್ನು ನಿಗಾ ಮಾಡಿ ಕಾಪಾಡುವ ಸರ್ಕ್ಯೂಟ್) ಸೋಡಿಯಂ ಸೆಲ್‌ಗೆಂದೇ ಮಾಡಿದ್ದಿರಲಿ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ಬಿಎಂಎಸ್ ಹಾಕಿದರೆ ಅದು ಸೆಲ್ ಸುಮಾರು 3.65 ವೋಲ್ಟ್ ದಾಟುತ್ತಲೇ ಚಾರ್ಜಿಂಗ್ ತಡೆಯುತ್ತದೆ. ಬ್ಯಾಟರಿಯ ಪ್ಲಸ್ ತಂತಿಗೆ ಡಿಸಿ ಫ್ಯೂಸ್ ಮರೆಯಬೇಡಿ.

ಸೋಡಿಯಂನ ದೊಡ್ಡ ಗುಣ ಕೊರೆಯುವ ಚಳಿಯಲ್ಲೂ ಕೆಲಸ ಮಾಡುವುದು. ಬೆಂಗಳೂರಿನ ಹವೆಯಲ್ಲಿ ಅದರಿಂದ ನಿಮಗೆ ಲಾಭವಿಲ್ಲ. ಜಕ್ಕೂರಿನ ಜವಾಹರಲಾಲ್ ನೆಹರು ಸಂಶೋಧನಾ ಕೇಂದ್ರದಲ್ಲೂ ಈ ಬ್ಯಾಟರಿಯ ಮೇಲೆ ಒಳ್ಳೆಯ ಕೆಲಸ ನಡೆದಿದೆ. ಆದರೂ ಸದ್ಯಕ್ಕೆ ಮನೆಗೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನೇ ನಾವು ಸೂಚಿಸುತ್ತೇವೆ.