ಹತ್ತು ಸಲ ಬರೆಸಿದರೆ ಓದು ಬರುತ್ತಾ? ಡಿಸ್ಲೆಕ್ಸಿಯಾ ಬಗ್ಗೆ ನಿಮ್ಮ ಪ್ರಶ್ನೆಗಳು

ಡಿಸ್ಲೆಕ್ಸಿಯಾ, ಅಂದರೆ ಓದು ಬರೆಹ ಕಲಿಯುವುದರಲ್ಲಿ ತೊಡಕು, ಇರುವ ಮಕ್ಕಳ ಬಗ್ಗೆ ಪ್ರಶ್ನೆ ಕಳಿಸಿ ಅಂತ ಕೇಳಿದ್ದೆವು. ಬಂದವುಗಳಲ್ಲಿ ಐದಕ್ಕೆ ಇಲ್ಲಿ ಉತ್ತರಿಸುತ್ತಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ. ಮೊದಲ ಪತ್ರಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ, ಯಾಕೆಂದರೆ ಅದೇ ಪ್ರಶ್ನೆಯನ್ನು ತುಂಬಾ ತಾಯಂದಿರು ಬೇರೆ ಬೇರೆ ಮಾತಿನಲ್ಲಿ ಕೇಳಿದ್ದಾರೆ.

ಪ್ರಶ್ನೆ: ಮಗನಿಗೆ ಎಂಟು ವರ್ಷ, ಮೂರನೇ ಕ್ಲಾಸ್. ಕಥೆ ಹೇಳಲು ಕೂತರೆ ನಾವೆಲ್ಲ ಬಾಯಿ ಬಿಟ್ಟುಕೊಂಡು ಕೇಳುತ್ತೇವೆ. ಅದೇ ಕಥೆಯನ್ನು ಪುಸ್ತಕದಲ್ಲಿ ಓದು ಅಂದರೆ ಮೊದಲ ಅಕ್ಷರ ನೋಡಿ ಉಳಿದದ್ದನ್ನು ಊಹೆ ಮಾಡುತ್ತಾನೆ. 'ಮರದ' ಅಂತ ಇದ್ದರೆ 'ಮನೆಯ' ಅನ್ನುತ್ತಾನೆ. ನಿನ್ನೆ ಬಂದ ಪದ ಇವತ್ತು ಬರುವುದಿಲ್ಲ. ಟೀಚರ್ ಸೋಮಾರಿ ಅನ್ನುತ್ತಾರೆ, ತಪ್ಪಾದ ಪದವನ್ನು ಹತ್ತು ಸಲ ಬರೆಸುತ್ತಾರೆ. ಸಿಟ್ಟಿನಲ್ಲಿ ನಾನೂ ಹೊಡೆದಿದ್ದೇನೆ ಮೇಡಂ. ಇವನು ನಿಜವಾಗಲೂ ಸೋಮಾರಿನಾ?

ಉತ್ತರ: ಅಲ್ಲಮ್ಮ. ನೀವು ಬರೆದಿರುವುದನ್ನು ನೋಡಿದರೆ, ಪಕ್ಕದ ಮಗು ಒಂದು ಪುಟಕ್ಕೆ ಪಡುವ ಶ್ರಮವನ್ನು ಇವನು ಒಂದು ಸಾಲಿಗೆ ಪಡುತ್ತಿದ್ದಾನೆ. ಪತ್ರ ಓದಿ ಡಿಸ್ಲೆಕ್ಸಿಯಾ ಅಂತ ಯಾರೂ ಖಚಿತವಾಗಿ ಹೇಳಬಾರದು, ನಾನೂ ಹೇಳುವುದಿಲ್ಲ. ಆದರೆ ಪರೀಕ್ಷೆ ಮಾಡಿಸಲು ಇಷ್ಟು ಲಕ್ಷಣ ಸಾಕು.

ಮಾತು ಮಗುವಿಗೆ ಕೇಳುತ್ತಾ ಕೇಳುತ್ತಾ ತಾನಾಗಿ ಬರುತ್ತದೆ. ಓದು ಹಾಗೆ ಬರುವುದಿಲ್ಲ. ಬರವಣಿಗೆ ಹುಟ್ಟಿ ಸುಮಾರು 5,000 ವರ್ಷ ಆಗಿದೆ ಅಷ್ಟೇ, ಹಾಗಾಗಿ ಮಿದುಳಿನಲ್ಲಿ ಓದಿಗೆಂದೇ ಹುಟ್ಟಿನಿಂದ ಬಂದ ಜಾಗ ಇಲ್ಲ. ಕಣ್ಣಿಗೆ ಕಂಡದ್ದನ್ನು ಗುರುತಿಸುವ ಭಾಗವನ್ನೂ ಮಾತಿನ ಭಾಗವನ್ನೂ ಪ್ರತಿಯೊಂದು ಮಗು ಹೊಸದಾಗಿ ಜೋಡಿಸಿಕೊಳ್ಳಬೇಕು. ಡಿಸ್ಲೆಕ್ಸಿಯಾ ಇದ್ದರೆ ಆ ಜೋಡಣೆ ನಿಧಾನ. ಹೆಚ್ಚಿನವರಲ್ಲಿ ತೊಡಕಿರುವುದು ಶಬ್ದದ ಕಡೆ. ಕಿವಿ ಸರಿಯಾಗೇ ಕೇಳುತ್ತದೆ, ಆದರೆ ಕೇಳಿದ ಪದವನ್ನು ಬಿಡಿಸಿ, ತುಂಡುಗಳನ್ನು ಮನಸ್ಸಿನಲ್ಲಿ ಹಿಡಿದುಕೊಂಡು ಮತ್ತೆ ಕೂಡಿಸುವುದು ಕಷ್ಟ. 'ನವಿಲು' ಪದದಲ್ಲಿ 'ನ' ತೆಗೆದರೆ ಏನು ಉಳಿಯುತ್ತದೆ ಅಂತ ಕೇಳಿ. 'ಕಿ' ಒಳಗಿನ 'ಇ' ತೆಗೆದು 'ಉ' ಹಾಕಿದರೆ ಏನಾಗುತ್ತದೆ ಅಂತ ಕೇಳಿ. ಪುಸ್ತಕವೇ ಇಲ್ಲದ ಈ ಆಟದಲ್ಲೂ ಅವನು ತಡವರಿಸಿದರೆ, ಹತ್ತು ಸಲ ಬರೆಸುವುದರಿಂದ ಯಾಕೆ ಏನೂ ಆಗುತ್ತಿಲ್ಲ ಅಂತ ನಿಮಗೇ ಗೊತ್ತಾಗುತ್ತದೆ. ಅವನು ಹತ್ತು ಸಲ ಗೆರೆಗಳ ಚಿತ್ರ ನಕಲು ಮಾಡುತ್ತಾನೆ. ಶಬ್ದಕ್ಕೂ ಗೆರೆಗೂ ನಂಟು ಬೆಳೆಯುವುದೇ ಇಲ್ಲ.

ಕನ್ನಡ ಉಚ್ಚರಿಸಿದಂತೆ ಬರೆಯುವ ಭಾಷೆ, ಇದರಲ್ಲಿ ಡಿಸ್ಲೆಕ್ಸಿಯಾ ಬರಲ್ಲ ಅಂತ ಕೆಲವರು ಹೇಳುತ್ತಾರೆ. ಇದು ತಪ್ಪು. ಕಾಗುಣಿತ ಎಲ್ಲ ಸೇರಿಸಿದರೆ ಮಗು ಗುರುತು ಹಿಡಿಯಬೇಕಾದ ರೂಪಗಳು 400 ದಾಟುತ್ತವೆ. ಅದರ ಮೇಲೆ ಒತ್ತಕ್ಷರ. 'ಸೂರ್ಯ' ಅನ್ನುವಾಗ 'ರ್' ಮೊದಲು ಕೇಳುತ್ತದೆ, ಅರ್ಕಾವತ್ತು ಹಾಕಿ ಬರೆಯುವಾಗ ಅದರ ಗುರುತು 'ಯ' ಆದಮೇಲೆ ಬರುತ್ತದೆ. ನಮಗೆ ಅಭ್ಯಾಸವಾಗಿದೆ, ಗೊತ್ತಾಗುವುದಿಲ್ಲ. ನಿಮ್ಮ ಮಗನಿಗೆ ಇಂಥ ಪ್ರತಿ ಪದವೂ ಏರು ದಾರಿ. ಉಚ್ಚಾರಕ್ಕೆ ಹತ್ತಿರವಾದ ಲಿಪಿಗಳಲ್ಲಿ ಈ ಮಕ್ಕಳು ಕೊನೆಗೆ ತಪ್ಪಿಲ್ಲದೆ ಓದಲು ಕಲಿತರೂ ವೇಗ ಮಾತ್ರ ಬರುವುದಿಲ್ಲ. ಅದಕ್ಕೇ 'ಓದುತ್ತಾನಲ್ಲ, ಇನ್ನೇನು' ಅಂತ ದೊಡ್ಡವರು ಸುಮ್ಮನಾಗಿಬಿಡುತ್ತಾರೆ.

1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ಹದಿನಾಲ್ಕು ವರ್ಷದ ಒಬ್ಬ ಹುಡುಗನ ಬಗ್ಗೆ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಚುರುಕು ಹುಡುಗ, ಲೆಕ್ಕ ಚೆನ್ನಾಗಿ ಬರುತ್ತಿತ್ತು. ಓದು ಮಾತ್ರ ಬರುತ್ತಿರಲಿಲ್ಲ. ತನ್ನ ಹೆಸರು 'ಪರ್ಸಿ' ಅನ್ನುವುದನ್ನೇ ಒಮ್ಮೆ 'ಪ್ರೆಸಿ' ಅಂತ ಬರೆದಿದ್ದ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಇವನೇ ಶಾಲೆಯಲ್ಲಿ ಎಲ್ಲರಿಗಿಂತ ಜಾಣ ಆಗಿರುತ್ತಿದ್ದ ಅಂತ ಅವನ ಮೇಷ್ಟ್ರು ಹೇಳಿದ್ದರು. ನಿಮ್ಮ ಪತ್ರ ಓದಿದಾಗ ನನಗೆ ಆ ಮೇಷ್ಟ್ರ ಮಾತೇ ನೆನಪಾಯಿತು.

ಈಗ ಏನು ಮಾಡಬೇಕು ಅಂದರೆ, ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಆಮೇಲೆ ಕಲಿಕೆಯ ತೊಂದರೆಗಳನ್ನು ನೋಡುವ ಮನಶ್ಶಾಸ್ತ್ರಜ್ಞರು ಅಥವಾ ವಿಶೇಷ ಶಿಕ್ಷಕರ ಹತ್ತಿರ ಕರೆದುಕೊಂಡು ಹೋಗಿ. ದೊಡ್ಡವನಾದ ಮೇಲೆ ಸರಿ ಹೋಗುತ್ತದೆ ಅಂತ ಕಾಯಬೇಡಿ. ಓದಿನ ಸಹಾಯ ಎಷ್ಟು ಬೇಗ ಸಿಕ್ಕರೆ ಅಷ್ಟು ಚೆನ್ನಾಗಿ ಹಿಡಿಯುತ್ತದೆ. ಕಲಿಸುವ ಕ್ರಮವೂ ಬೇರೆ. ಒಂದು ಸಲಕ್ಕೆ ಒಂದೆರಡು ಅಕ್ಷರ. ಅದರ ಶಬ್ದ ಹೇಳುತ್ತಾ ಬೆರಳಿನಿಂದ ದೊಡ್ಡದಾಗಿ ಬರೆಯುವುದು, ಆ ಅಕ್ಷರ ಇರುವ ಪದ ಬಿಡಿಸುವುದು, ಕೂಡಿಸುವುದು, ನಾಳೆ ಮತ್ತೆ ಅದೇ. ದಿನಾ ಹದಿನೈದು ಇಪ್ಪತ್ತು ನಿಮಿಷ ಸಾಕು, ಭಾನುವಾರ ಎರಡು ಗಂಟೆ ಕೂರಿಸುವುದು ಬೇಡ.

ಇದರ ಜೊತೆಗೆ, ದಯವಿಟ್ಟು, ರಾತ್ರಿ ಅವನಿಗೆ ಪುಸ್ತಕ ಓದಿ ಹೇಳಿ. ಎಂಟು ವರ್ಷದ ಮಕ್ಕಳಿಗೆ ಖುಷಿ ಕೊಡುವ ಪುಸ್ತಕಗಳೇ ಇರಲಿ, ಅವನು ಸ್ವತಃ ಓದಬಲ್ಲ ಪುಟ್ಟ ಮಕ್ಕಳ ಪುಸ್ತಕ ಅಲ್ಲ. ಓದು ಬರುವವರೆಗೆ ಅವನ ತಿಳಿವಳಿಕೆ ಕಾಯುತ್ತಾ ನಿಲ್ಲಬಾರದು. ಬೇರೆ ಮಕ್ಕಳು ಪುಸ್ತಕದಿಂದ ಹೊಸ ಪದ, ಹೊಸ ವಿಷಯ ಪಡೆಯುತ್ತಿರುವಾಗ ಇವನ ಪಾಲಿಗೂ ಅವೆಲ್ಲ ಬರಬೇಕು, ಕಿವಿಯ ಮೂಲಕವಾದರೂ ಬರಬೇಕು.

ಹೊಡೆದದ್ದನ್ನು ಬರೆದಿದ್ದೀರಿ. ಅದನ್ನು ಬರೆಯುವುದು ಸುಲಭ ಇರಲಿಲ್ಲ ಅಂತ ನನಗೆ ಗೊತ್ತು. ಅವನ ಪಕ್ಕ ಕೂತು, "ನನಗೆ ಗೊತ್ತಿರಲಿಲ್ಲ ಪುಟ್ಟಾ, ನಿನ್ನ ತಪ್ಪಲ್ಲ" ಅಂತ ಹೇಳಿ. ಇವತ್ತೇ ಹೇಳಿ.

ಪ್ರಶ್ನೆ: ಆರು ವರ್ಷದ ಮೊಮ್ಮಗಳು ಕೆಲವು ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುವಿ ಬರೆಯುತ್ತಾಳೆ. ಬಣ್ಣದ ಕನ್ನಡಕ ಹಾಕಿಸಿದರೆ ಸರಿ ಹೋಗುತ್ತದೆ ಅಂತ ಒಬ್ಬರು ಹೇಳಿದರು. ಹಾಕಿಸಲೇ?

ಉತ್ತರ: ಹಾಕಿಸಬೇಡಿ, ಸರ್. ಆರು ವರ್ಷಕ್ಕೆ ತಿರುವಿ ಬರೆಯುವುದು ತುಂಬಾ ಸಾಮಾನ್ಯ. ಲೋಟವನ್ನು ಎಡಕ್ಕೆ ತಿರುಗಿಸಿದರೂ ಬಲಕ್ಕೆ ತಿರುಗಿಸಿದರೂ ಲೋಟವೇ ಅಂತ ನಮ್ಮ ಮಿದುಳು ಕಲಿತಿರುತ್ತದೆ, ಅಕ್ಷರದ ವಿಷಯದಲ್ಲಿ ಆ ಪಾಠವನ್ನು ಮರೆಯಬೇಕು. ಅದಕ್ಕೆ ಸ್ವಲ್ಪ ಕಾಲ ಬೇಕು. ತಿರುವಿ ಬರೆಯುವುದೊಂದೇ ಡಿಸ್ಲೆಕ್ಸಿಯಾದ ಗುರುತಲ್ಲ. ಅವಳಿಗೆ ಪ್ರಾಸದ ಪದ ಗುರುತಿಸುವುದು, ಪದ ಬಿಡಿಸುವುದು ಕಷ್ಟವಾ ಅಂತ ನೋಡಿ, ಮನೆಯಲ್ಲಿ ಬೇರೆ ಯಾರಿಗಾದರೂ ಓದಿನ ತೊಡಕು ಇತ್ತಾ ಅಂತ ನೆನಪಿಸಿಕೊಳ್ಳಿ. ಇವು ಇದ್ದರೆ ತೋರಿಸಿ. ಬಣ್ಣದ ಗಾಜಿನ ವಿಷಯಕ್ಕೆ ಬಂದರೆ, ಕಲಿಕೆಯ ತೊಂದರೆಗೆ ಅದರಿಂದ ಉಪಯೋಗ ಆಗುತ್ತದೆ ಅನ್ನಲು ಆಧಾರ ಇಲ್ಲ ಅಂತ ಅಮೆರಿಕದ ಮಕ್ಕಳ ವೈದ್ಯರ ಮತ್ತು ಕಣ್ಣಿನ ವೈದ್ಯರ ಸಂಘಗಳು 2009ರಲ್ಲೇ ಒಟ್ಟಾಗಿ ಹೇಳಿವೆ.

ಪ್ರಶ್ನೆ: ನಾನು ಶಿಕ್ಷಕಿ. ಕ್ಲಾಸಿನಲ್ಲಿ ನಲವತ್ತು ಮಕ್ಕಳು. ಒಬ್ಬನಿಗೆ ಮಾತ್ರ ಹೆಚ್ಚು ಸಮಯ ಕೊಟ್ಟರೆ ಉಳಿದವರಿಗೆ ಅನ್ಯಾಯ ಆಗುವುದಿಲ್ವಾ?

ಉತ್ತರ: ಕನ್ನಡಕ ಹಾಕಿದ ಮಗುವನ್ನು ನೋಡಿ ಯಾರೂ ಅನ್ಯಾಯ ಅನ್ನುವುದಿಲ್ಲ ಅಲ್ವಾ? ಇತಿಹಾಸದ ಪರೀಕ್ಷೆಯಲ್ಲಿ ನೀವು ನೋಡಬೇಕಿರುವುದು ಅವನಿಗೆ ಇತಿಹಾಸ ಗೊತ್ತಾ ಅಂತ. ಪ್ರಶ್ನೆ ಓದುವುದರಲ್ಲೇ ಅರ್ಧ ಸಮಯ ಹೋದರೆ ಅದು ಗೊತ್ತಾಗುವುದೇ ಇಲ್ಲ. ಅಲ್ಲದೆ ಡಿಸ್ಲೆಕ್ಸಿಯಾ ಅಪರೂಪವೂ ಅಲ್ಲ. ಅಳೆಯುವ ರೀತಿಗೆ ತಕ್ಕಂತೆ ನೂರರಲ್ಲಿ 5ರಿಂದ 10 ಮಂದಿಗೆ ಇರುತ್ತದೆ ಅಂತ ಲೆಕ್ಕ. ನಿಮ್ಮ ಕ್ಲಾಸಿನಲ್ಲಿ ಒಬ್ಬನೇ ಇರಲಾರ, ಉಳಿದವರು ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತಿರಬಹುದು.

ನಲವತ್ತು ಮಕ್ಕಳಿದ್ದರೂ ಮಾಡಬಹುದಾದ ಒಂದು ಕೆಲಸ ಇದೆ, ಬೇರೆ ಏನೂ ಆಗದಿದ್ದರೂ ಇದನ್ನು ಮಾಡಿ. ಎದ್ದು ನಿಂತು ಜೋರಾಗಿ ಓದು ಅಂತ ಇದ್ದಕ್ಕಿದ್ದಂತೆ ಕರೆಯಬೇಡಿ. ಓದಿಸಲೇಬೇಕು ಅಂದರೆ ಯಾವ ಸಾಲು ಅಂತ ಹಿಂದಿನ ದಿನವೇ ಹೇಳಿ, ಮನೆಯಲ್ಲಿ ಅಭ್ಯಾಸ ಮಾಡಿ ಬರಲಿ. ತನ್ನ ಸರದಿ ಯಾವಾಗ ಅಂತ ಎದೆ ಬಡಿತ ಎಣಿಸುತ್ತಾ ಕೂತ ಮಗುವಿನ ತಲೆಗೆ ಆ ದಿನದ ಪಾಠ ಏನೂ ಹೋಗುವುದಿಲ್ಲ. ಬೋರ್ಡಿನಿಂದ ನಕಲು ಮಾಡಿಸುವ ಬದಲು ಟಿಪ್ಪಣಿಯ ಹಾಳೆ ಕೊಡಿ. ಉತ್ತರದಲ್ಲಿ ವಿಷಯ ಸರಿ ಇದ್ದರೆ ಕಾಗುಣಿತದ ತಪ್ಪಿಗೆ ಅಂಕ ಕಳೆಯಬೇಡಿ. ಪ್ರಶ್ನೆಪತ್ರಿಕೆಯಲ್ಲಿ ಅಕ್ಷರಗಳ ನಡುವೆ ಜಾಗ ಬಿಡಿ. ಇಟಲಿ ಮತ್ತು ಫ್ರಾನ್ಸಿನ ಮಕ್ಕಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬರೀ ಹಾಗೆ ಜಾಗ ಬಿಟ್ಟಿದ್ದಕ್ಕೇ ಡಿಸ್ಲೆಕ್ಸಿಯಾ ಇರುವ ಮಕ್ಕಳ ತಪ್ಪು ಕಡಿಮೆ ಆಗಿ ವೇಗ ಹೆಚ್ಚಿತ್ತು.

ಪ್ರಶ್ನೆ: ಮಗಳು ಎರಡು ಭಾಷೆ ಕಲಿಯುತ್ತಿದ್ದಾಳೆ. ಗೊಂದಲ ಬೇಡ, ಮನೆಮಾತು ಬಿಟ್ಟುಬಿಡಿ ಅನ್ನುತ್ತಾರೆ.

ಉತ್ತರ: ಬಿಡಬೇಡಿ. ಎರಡು ಭಾಷೆಯಿಂದ ಡಿಸ್ಲೆಕ್ಸಿಯಾ ಬರುವುದಿಲ್ಲ. ಇಂಗ್ಲಿಷ್ ಓದುವಾಗ ಕಷ್ಟ ಹೆಚ್ಚು ಕಾಣಬಹುದು, ಅಲ್ಲಿ 'ಸಿ' ಅಕ್ಷರ ಒಂದು ಕಡೆ 'ಕ' ಆಗುತ್ತದೆ, ಇನ್ನೊಂದು ಕಡೆ 'ಸ' ಆಗುತ್ತದೆ. ಆದರೆ ಮನೆಯ ಮಾತಿನಲ್ಲಿ ಅವಳಿಗೆ ಪದಗಳಿವೆ, ನಗು ಇದೆ, ಜಗಳ ಇದೆ. ಅದನ್ನು ಕಿತ್ತುಕೊಂಡರೆ ಓದು ಸುಲಭ ಆಗುವುದಿಲ್ಲ.

ಪ್ರಶ್ನೆ: ನನಗೆ ಮೂವತ್ತಾರು. ಮಗಳಿಗೆ ಡಿಸ್ಲೆಕ್ಸಿಯಾ ಅಂತ ರಿಪೋರ್ಟ್ ಬಂತು. ಅದನ್ನು ಓದುತ್ತಾ ಓದುತ್ತಾ ಇದು ನನ್ನದೇ ಕಥೆ ಅನ್ನಿಸಿತು. ಆಫೀಸಿನಲ್ಲಿ ಒಂದು ಮೇಲ್ ಬರೆಯಲು ಮುಕ್ಕಾಲು ಗಂಟೆ ಬೇಕು. ಮೀಟಿಂಗ್‌ನಲ್ಲಿ ಏನಾದರೂ ಓದಲು ಕೊಟ್ಟರೆ ಫೋನ್ ಬಂತು ಅಂತ ಹೊರಗೆ ಹೋಗುತ್ತೇನೆ. ಈ ವಯಸ್ಸಿನಲ್ಲಿ ಪರೀಕ್ಷೆ ಮಾಡಿಸಬೇಕಾ? ಮಗಳಿಗೆ ಹೇಳಬೇಕಾ?

ಉತ್ತರ: ನಿಮ್ಮ ಊಹೆ ಸರಿ ಇರುವ ಸಾಧ್ಯತೆ ಜಾಸ್ತಿ. ಡಿಸ್ಲೆಕ್ಸಿಯಾ ಮನೆತನದಲ್ಲಿ ಹರಿದು ಬರುತ್ತದೆ, ಅಪ್ಪನಿಗೋ ಅಮ್ಮನಿಗೋ ಇದ್ದರೆ ಮಕ್ಕಳಿಗೂ ಬರುವ ಸಾಧ್ಯತೆ ಉಳಿದವರಿಗಿಂತ ಹಲವು ಪಟ್ಟು. ಇಷ್ಟು ವರ್ಷ ಇದನ್ನು ಮುಚ್ಚಿಟ್ಟುಕೊಂಡು ಕೆಲಸ ನಿಭಾಯಿಸಿದ್ದೀರಲ್ಲ, ಅದರ ಹಿಂದಿನ ಶ್ರಮ ಯಾರಿಗೂ ಕಂಡಿಲ್ಲ. ನನಗೆ ಕಾಣುತ್ತಿದೆ.

ಮಗಳಿಗೆ ಖಂಡಿತ ಹೇಳಿ. "ನನಗೂ ಹೀಗೇ ಆಗುತ್ತೆ, ನಾನೂ ಓದಕ್ಕೆ ಕಷ್ಟಪಡ್ತೀನಿ" ಅಂತ ಅಪ್ಪ ಹೇಳಿದ ದಿನ, ತನ್ನೊಬ್ಬಳಲ್ಲೇ ಏನೋ ಕೆಟ್ಟಿದೆ ಅನ್ನುವ ಭಯ ಅವಳಿಂದ ಹೋಗುತ್ತದೆ. ಆದರೆ ನಾನು ಹೇಗೋ ಬದುಕಿದೆ, ನೀನೂ ಹಾಗೇ ಮಾಡು ಅಂತ ಹೇಳಬೇಡಿ. ನಿಮಗೆ ಸಿಗದ ಸಹಾಯ ಅವಳಿಗೆ ಸಿಗಲಿ.

ಕೆಲಸದ ವಿಷಯ. ಮೇಲ್‌ಗಳನ್ನು ಫೋನ್ ಅಥವಾ ಕಂಪ್ಯೂಟರ್ ಕೈಲಿ ಓದಿಸಿ ಕೇಳಿ, ಉತ್ತರವನ್ನು ಬಾಯಲ್ಲಿ ಹೇಳಿ ಟೈಪ್ ಮಾಡಿಸಿ, ಕಳಿಸುವ ಮೊದಲು ಮತ್ತೆ ಓದಿಸಿ ಕೇಳಿ. ಕಣ್ಣು ದಾಟಿ ಹೋದ ತಪ್ಪನ್ನು ಕಿವಿ ಹಿಡಿಯುತ್ತದೆ. ಮೀಟಿಂಗ್ ಕಾಗದ ಹಿಂದಿನ ದಿನ ಕಳಿಸಿ ಅಂತ ಕೇಳಿ, ಯಾಕೆ ಅಂತ ಹೇಳಲೇಬೇಕಿಲ್ಲ, ಮೊದಲೇ ನೋಡಿಕೊಂಡು ಬರುತ್ತೇನೆ ಅಂದರೆ ಸಾಕು. ನಂಬಿಕೆ ಇರುವ ಒಬ್ಬ ಸಹೋದ್ಯೋಗಿಗೆ ಮಾತ್ರ ವಿಷಯ ಹೇಳಿ ನೋಡಿ. ದೊಡ್ಡವರೂ ಓದಿನ ಪಾಠಕ್ಕೆ ಹೋಗಬಹುದು. ಡಿಸ್ಲೆಕ್ಸಿಯಾ ಪೂರ್ತಿ ಹೋಗುವುದಿಲ್ಲ, ಆದರೆ ಓದು ಯಾವ ವಯಸ್ಸಿನಲ್ಲೂ ಸುಧಾರಿಸುತ್ತದೆ.

ಪರೀಕ್ಷೆ ಮಾಡಿಸುವುದು ನಿಮ್ಮ ಇಷ್ಟ. ಪರೀಕ್ಷೆ ಬರೆಯುವುದಿದ್ದರೆ, ಅಥವಾ ಆಫೀಸಿನಲ್ಲಿ ಅನುಕೂಲ ಕೇಳಲು ಕಾಗದ ಬೇಕಿದ್ದರೆ ಮಾಡಿಸಿ. ಇಷ್ಟು ದಿನ ನಿಮ್ಮನ್ನು ನೀವೇ ದಡ್ಡ ಅಂದುಕೊಂಡಿದ್ದರೆ, ಅದನ್ನು ಅಳಿಸಿಹಾಕಲಾದರೂ ಮಾಡಿಸಿ. ಬಾಯಲ್ಲಿ ಹೇಳಿ ಟೈಪ್ ಮಾಡಿಸಲು ಯಾವ ರಿಪೋರ್ಟೂ ಬೇಡ, ನಾಳೆಯ ಮೊದಲ ಮೇಲ್‌ನಿಂದಲೇ ಶುರು ಮಾಡಬಹುದು.